ಸುರಗಿ ದಾರ

ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು ನಾನು. ಶಬ್ದಗಳ ವಿಷಯದಲ್ಲಿ ನನಗೆ ಸ್ವಲ್ಪ ಕೊಬ್ಬು ಜಾಸ್ತಿ. ಯಾರಾದರೂ ಹುರಿಗೆ ದಾರ ಅಂದರೆ, ನಾರಿಗೆ ನೂಲು ಅಂದರೆ ತಿದ್ದದೆ ಬಿಟ್ಟವಳಲ್ಲ. ಅಂಥ ನಾನು ಹೋದ ವರ್ಷ ಕುರುಗೋಡಿನಲ್ಲಿ, ಅಕ್ಕನ ಮನೆಯ ಅಂಗಳದಲ್ಲಿ, ಒಂದು ದಾರದ ಸಲುವಾಗಿ ಎಲ್ಲರೆದುರು ಪೆಚ್ಚಾದೆ. ಪೆಚ್ಚಾದದ್ದು ದೊಡ್ಡ ಮಾತಲ್ಲ. ಆಮೇಲೆ ನಾನು ಮಾಡಿದ್ದಿದೆಯಲ್ಲ, ಅದನ್ನು ಇವತ್ತಿಗೂ ಯಾರ ಹತ್ತಿರವೂ ಹೇಳಿಕೊಳ್ಳಲು ಆಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬಳ್ಳಾರಿಯ ಪಾರ್ವತಿನಗರದಲ್ಲಿ ಒಂದು ಮನೆಯ ಮೇಲಿನ ಅಂತಸ್ತಿನಲ್ಲಿ ನಾನೊಬ್ಬಳೇ ಇರುತ್ತೇನೆ. ಯಜಮಾನರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಮಕ್ಕಳಾಗಲಿಲ್ಲ. ಒಂಟಿಯಾಗಿರುವುದು ರೂಢಿಯಾಗಿಬಿಡುತ್ತದೆ ಎಂದು ಹೇಳುವವರೆಲ್ಲ ತುಂಬಿದ ಮನೆಯಲ್ಲಿ ಇರುವವರು. ನನಗಂತೂ ರೂಢಿಯಾಗಿಲ್ಲ. ಬೆಳಿಗ್ಗೆ ಒಂದು ಲೋಟ ಚಹಾ ಮಾಡುವಾಗ ಈಗಲೂ ಕೈ ತಾನಾಗಿ ಎರಡು ಲೋಟಕ್ಕೆ ನೀರು ಹಿಡಿಯುತ್ತದೆ. ಆ ಹೆಚ್ಚಿನ ನೀರನ್ನು ಚೆಲ್ಲಲು ಮನಸ್ಸಾಗದೆ ಎರಡು ಲೋಟ ಚಹಾವನ್ನೂ ನಾನೇ ಕುಡಿದು ಪಿತ್ತ ಮಾಡಿಕೊಂಡಿದ್ದೇನೆ.

ನಡುವೆ ಐದು ವರ್ಷ ಮಾತ್ರ ಈ ಮನೆಯಲ್ಲಿ ಸದ್ದು ಇತ್ತು. ಅಕ್ಕನ ಮಗಳು ಓದಲೆಂದು ಕುರುಗೋಡಿನಿಂದ ಬಂದು ನನ್ನ ಹತ್ತಿರ ಇದ್ದಳು. ಬರುವಾಗ ಹದಿನೆಂಟರ ಹುಡುಗಿ, ಕಡ್ಡಿಯಂತೆ ಇದ್ದಳು. ಬಂದ ದಿನವೇ ನನ್ನ ಮಂಚದ ಗೋಡೆ ಕಡೆಯ ಜಾಗ ತನ್ನದು ಎಂದು ಹಕ್ಕು ಸಾಧಿಸಿದಳು. ಅವಳು ಸಸ್ಯಶಾಸ್ತ್ರದ ವಿದ್ಯಾರ್ಥಿನಿ. ಒಂದು ದಿನ ನನ್ನ ಅಡುಗೆಮನೆ ಕಟ್ಟೆಯ ಮೇಲೆ ಯಾವುದೋ ಡಬ್ಬಿ ಕಂಡು ಮುಚ್ಚಳ ತೆಗೆದರೆ, ಒಳಗೆ ಒದ್ದೆ ಮಾಡಿಟ್ಟ ರೊಟ್ಟಿ ಚೂರು, ಅದರ ಮೇಲೆ ಬೆರಳುದ್ದ ಬೂಸ್ಟು. ನಾನು ಮನೆ ಹಾರಿಹೋಗುವಂತೆ ಕೂಗಿದೆ.

"ಅದು ಬೂಸ್ಟಲ್ಲ ಚಿಗವ್ವ, ತಂತು. ಪುಸ್ತಕದಾಗ ಹಂಗ ಐತಿ. ನಾಳೆ ಕಾಲೇಜಿಗೆ ಒಯ್ಯಬೇಕು. ಬಗ್ಗಿ ನೋಡು, ಎಳಿ ಎಳಿ ಕಾಣ್ತಾವು."

"ನಿನ್ನ ಪುಸ್ತಕದಾಗ ತಂತು ಇರ್ಲಿ. ನನ್ನ ಕಟ್ಟಿ ಮ್ಯಾಲ ಇದ್ರ ಅದು ಬೂಸ್ಟ. ತಗೊಂಡ್ ಹೋಗು ಹೊರಗ."

ಅಲ್ಲಿಂದ ನಮ್ಮಿಬ್ಬರ ಆಟ ಶುರುವಾಯಿತು. ಸಣ್ಣಗೆ, ಉದ್ದಕ್ಕೆ ಏನು ಕಂಡರೂ ಅವಳು ಪುಸ್ತಕದ ಶಬ್ದ ಹೇಳಬೇಕು, ನಾನು ಮನೆಯ ಶಬ್ದ ಹೇಳಬೇಕು. ತರಕಾರಿ ಹೆಚ್ಚುವಾಗ, ಬಟ್ಟೆ ಒಣಹಾಕುವಾಗ, ತಲೆ ಬಾಚುವಾಗ, ಎಲ್ಲೆಂದರಲ್ಲಿ ಇದೇ ನಡೆಯುತ್ತಿತ್ತು. ಎಷ್ಟು ಹುಡುಕಿದರೂ ಮುಗಿಯುತ್ತಿರಲಿಲ್ಲ. ಹುಣಸೆಹಣ್ಣು ಕಿವುಚಿದರೆ ಕೈಗೆ ಸಿಗುವುದು ನಾರು. ಅದಕ್ಕೆ ಮರ್ಯಾದೆ ಇಲ್ಲ, ಹಿಂಡಿ ಎಸೆಯುತ್ತೇವೆ. ಬಾಳೆಯ ಪಟ್ಟೆಯಿಂದ ಸುಲಿದದ್ದೂ ನಾರೇ, ಆದರೆ ಅದರಲ್ಲಿ ಹೂ ಕಟ್ಟಿದರೆ ದೇವರ ತಲೆಯ ಮೇಲೆ ಕೂರುತ್ತದೆ. ಬೆಲ್ಲದ ಪಾಕ ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ಎರಡು ಬೆರಳಿನ ನಡುವೆ ಹಿಡಿದು ನೋಡುವುದು ಎಳೆ. ತಲೆಯಲ್ಲಿ ಇರುವಾಗ ಕೂದಲಿಗೂ ಎಳೆ ಎನ್ನುತ್ತೇವೆ, ಅದೇ ಸಾರಿನಲ್ಲಿ ಸಿಕ್ಕರೆ ಯಾರೂ ಎಳೆ ಎನ್ನುವುದಿಲ್ಲ. ತಂತಿ ಎಂದರೆ ಅವಳಿಗೆ ಬಟ್ಟೆ ಒಣಹಾಕುವುದು, ಕರೆಂಟು ಬರುವುದು. ನನ್ನ ಬಾಲ್ಯದಲ್ಲಿ ‘ತಂತಿ ಬಂತು’ ಎಂದರೆ ಯಾರೋ ಹೋದರು ಎಂದೇ ಅರ್ಥ, ಓದುವ ಮೊದಲೇ ಹೆಂಗಸರು ಅಳಲು ಶುರು ಮಾಡುತ್ತಿದ್ದರು. ಇದನ್ನು ಹೇಳಿದಾಗ ಅವಳು ನಂಬಲೇ ಇಲ್ಲ.

ನಾನು ಹುಟ್ಟಿ ಬೆಳೆದದ್ದು ಸಿರುಗುಪ್ಪದಲ್ಲಿ. ಸುತ್ತಲೂ ಭತ್ತದ ಗದ್ದೆ, ಊರ ತುಂಬ ಅಕ್ಕಿ ಮಿಲ್ಲು. ಅಪ್ಪ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಚೀಲದ ಬಾಯಿ ಹೊಲಿಯುವ ಸುತಳಿ ಉಂಡೆ ನಮ್ಮ ಮನೆಯ ಮೂಲೆಮೂಲೆಯಲ್ಲಿ ಉರುಳುತ್ತಿತ್ತು. ಅಕ್ಕ ಮತ್ತು ನಾನು ಅದರಿಂದ ಜೋಕಾಲಿ ಕಟ್ಟುತ್ತಿದ್ದೆವು, ಪುಸ್ತಕದ ಕಟ್ಟು ಬಿಗಿಯುತ್ತಿದ್ದೆವು, ಒಮ್ಮೊಮ್ಮೆ ಜಡೆಗೂ ಕಟ್ಟಿಕೊಳ್ಳುತ್ತಿದ್ದೆವು. ಬೇಸಿಗೆಯಲ್ಲಿ ಅವ್ವ ಶಾವಿಗೆ ಮಣೆ ಹಾಕುತ್ತಿದ್ದಳು. ಅಕ್ಕ ಮಣೆಯ ಮೇಲೆ ಕೂತು ಹಿಟ್ಟನ್ನು ಹೊಸೆದು ಎಳೆ ಬಿಡುವುದು, ನಾನು ಕೆಳಗೆ ಕೂತು ಆ ಎಳೆಗಳನ್ನು ಹಿಡಿದು ಕೋಲಿನ ಮೇಲೆ ಹರವುವುದು. ಒಬ್ಬರಿಂದ ಆಗುವ ಕೆಲಸವಲ್ಲ ಅದು. ಮಧ್ಯಾಹ್ನವಿಡೀ ಅಕ್ಕನ ಬೆರಳನ್ನೇ ನೋಡುತ್ತಾ ಕೂತಿರುತ್ತಿದ್ದೆ. ಅವಳು ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಮಾತು ಕಡಿಮೆ. ಸಿಟ್ಟು ಬಂದರೆ ನನ್ನ ಹಾಗೆ ಕೂಗಾಡುವವಳಲ್ಲ, ಸುಮ್ಮನೆ ಎದ್ದು ಹೋಗುವವಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವ್ವ ಹೇಳುತ್ತಿದ್ದಳು.

ಮದುವೆಯಾಗಿ ಅಕ್ಕ ಕುರುಗೋಡಿಗೆ ಹೋದಳು. ನಾನು ಬಳ್ಳಾರಿಗೆ ಬಂದೆ. ನನ್ನ ಮದುವೆಯ ಸುರಗಿಯ ಬಗ್ಗೆ ಇಲ್ಲಿ ಹೇಳಲೇಬೇಕು. ನಮ್ಮ ಮನೆಗಳಲ್ಲಿ ಮದುವೆಯ ಬೆಳಿಗ್ಗೆ ಅಂಗಳದಲ್ಲಿ ನಾಲ್ಕು ಮೂಲೆಗೆ ನಾಲ್ಕು ನೀರು ತುಂಬಿದ ತಂಬಿಗೆ ಇಡುತ್ತಾರೆ. ನಡುವೆ ಮಣೆ ಹಾಕಿ ಮದುಮಕ್ಕಳನ್ನು ಕೂರಿಸುತ್ತಾರೆ. ಐದು ಜನ ಮುತ್ತೈದೆಯರು ಅರಿಷಿಣದಲ್ಲಿ ಅದ್ದಿದ ದಾರವನ್ನು ಆ ತಂಬಿಗೆಗಳ ಕೊರಳಿಗೆ ಸುತ್ತುತ್ತಾ ಬರುತ್ತಾರೆ, ಒಬ್ಬೊಬ್ಬರದು ಒಂದೊಂದು ಸುತ್ತು. ಇದೇ ಸುರಗಿ. ಎಣ್ಣೆ, ಅರಿಷಿಣ, ನೀರು ಎಲ್ಲ ಆದ ಮೇಲೆ ಅದೇ ದಾರವನ್ನು ಬಿಡಿಸಿ, ಹುರಿ ಮಾಡಿ, ಅರಿಷಿಣದ ಕೊಂಬು ಕಟ್ಟಿ, ಮದುಮಕ್ಕಳ ಕೈಗೆ ಕಂಕಣ ಕಟ್ಟುತ್ತಾರೆ. ದಾರ ಒಂದೇ ಆಗಿರಬೇಕು, ಹರಿಯಬಾರದು, ನಡುವೆ ಗಂಟಿರಬಾರದು ಎಂಬುದು ನಿಯಮ.

ನನ್ನ ಸುರಗಿಯಲ್ಲಿ ಮೂರನೆಯ ಸುತ್ತಿಗೆ ದಾರ ಹರಿಯಿತು. ಯಾರದೋ ಬಳೆಗೆ ಸಿಕ್ಕಿಕೊಂಡಿತ್ತು ಅಷ್ಟೆ. ಹಿರಿಯ ಹೆಂಗಸೊಬ್ಬರು ಅವಸರದಲ್ಲಿ ಗಂಟು ಹಾಕಿದರು, ಎಲ್ಲರೂ ನೋಡಿಯೂ ನೋಡದವರ ಹಾಗೆ ಇದ್ದರು. ನಾನು ಕಾಲೇಜಿನಲ್ಲಿ ಓದಿ ಬಂದವಳು, ಒಳಗೊಳಗೇ ನಕ್ಕಿದ್ದೆ. ಯಜಮಾನರು ಎದೆ ನೋವೆಂದು ಕೂತವರು ಏಳದೇ ಹೋದಾಗ, ದಿನಕರ್ಮದ ದಿನ, ಅವರ ಕಡೆಯ ಹೆಂಗಸೊಬ್ಬರು ಪಡಸಾಲೆಯಲ್ಲಿ ಕೂತು ಇನ್ನೊಬ್ಬರಿಗೆ ಹೇಳುತ್ತಿದ್ದರು: "ಅವತ್ತೇ ಹರಿದಿತ್ತು ಬಿಡ್ರಿ ಸುರಗಿ ದಾರ."

ಇಂಥದನ್ನು ನಾನು ನಂಬುವವಳಲ್ಲ. ನಂಬುವುದಿಲ್ಲ ಎಂದು ಹನ್ನೊಂದು ವರ್ಷದಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಕರಿಮಣಿಯ ಎರಡೆಳೆ ಸರ ಅವರು ಹೋದ ದಿನವೇ ಕೊರಳಿನಿಂದ ಹೋಯಿತು. ಉಳಿದದ್ದು ಶಿವದಾರ, ಲಿಂಗ ಕಟ್ಟಿಕೊಳ್ಳುವ ದಾರ. ಅದನ್ನು ಯಾರೂ ತೆಗೆಸುವಂತಿಲ್ಲ. ಎಳೆ ಎಂಬ ಮಾತಿನ ಬಗ್ಗೆ ಆಗ ನನಗೊಂದು ಯೋಚನೆ ಬಂದಿತ್ತು. ಎಳೆ ಎಂದರೆ ಹಲವು ಇದ್ದು ಅದರಲ್ಲಿ ಒಂದು. ಸರದ ಎಳೆ, ಜಡೆಯ ಎಳೆ, ಶಾವಿಗೆಯ ಎಳೆ. ಒಂದೇ ಒಂದು ಇರುವುದನ್ನು ಎಳೆ ಎಂದು ಕರೆಯಲು ನನ್ನ ಬಾಯಿಗೆ ಬರುವುದಿಲ್ಲ, ಅದು ಬರೀ ದಾರ. ಇದನ್ನು ಹುಡುಗಿಗೂ ಒಮ್ಮೆ ಹೇಳಿದ್ದೆ. ಅವಳು ಪುಸ್ತಕದಿಂದ ತಲೆ ಎತ್ತದೆ, "ಹಂಗಾರ ನಾವಿಬ್ರು ಎಳಿ," ಎಂದಿದ್ದಳು. ನಾನು ಎದ್ದು ಒಳಗೆ ಹೋದೆ, ಅವಳೆದುರು ಅಳಲು ನನಗೆ ಇಷ್ಟವಿರಲಿಲ್ಲ.

ಓದು ಮುಗಿಸಿ ಅವಳು ಕುರುಗೋಡಿಗೆ ಹೋದಳು, ಅಲ್ಲಿಯೇ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸಲು ಸೇರಿದಳು. ದಿನಾ ಸಂಜೆ ಫೋನು ಮಾಡುತ್ತಿದ್ದಳು. ಶಾಲೆಯ ಮಕ್ಕಳಿಂದ ಹೊಸ ಶಬ್ದ ಹೆಕ್ಕಿ ತಂದು ನನಗೆ ಒಪ್ಪಿಸುತ್ತಿದ್ದಳು. ಮೆಕ್ಕೆಜೋಳದ ತೆನೆಯ ತುದಿಯಲ್ಲಿರುವ ನವಿರಾದ ಎಳೆಗಳಿಗೆ ಒಬ್ಬ ಹುಡುಗ ‘ಮೀಸಿ’ ಎಂದನೆಂದು ಹೇಳಿ ಅರ್ಧ ಗಂಟೆ ನಕ್ಕಿದ್ದಳು. ಆಮೇಲೆ ಮೋಕ ಎಂಬ ಊರಿನ ಸಂಬಂಧ ಕೂಡಿ ಬಂತು. ಹುಡುಗ ಒಳ್ಳೆಯವನು, ಹೊಲಮನೆ ಇರುವ ಕುಟುಂಬ, ಬೇಡವೆನ್ನಲು ಏನೂ ಇರಲಿಲ್ಲ. ನಾನು ಬೇಡವೆನ್ನಲು ಕಾರಣ ಹುಡುಕಿದೆ ಎಂಬುದನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ.

ಮದುವೆಗೆ ತಿಂಗಳಿರುವಾಗ ಅಕ್ಕ ಫೋನು ಮಾಡಿದಳು. ಯಾರು ಏನು ತರಬೇಕು ಎಂಬ ಮಾತು ನಡೆಯಿತು. ಹೇಳಬೇಕೋ ಬೇಡವೋ ಎಂದು ಯೋಚಿಸುವ ಮೊದಲೇ ನನ್ನ ಬಾಯಿಂದ ಬಂದುಬಿಟ್ಟಿತು:

"ಸುರಗಿ ದಾರ ನಾ ತರ್ತೀನಿ ಅಕ್ಕ."

ಅಕ್ಕನಿಗೆ ಏನೇನು ನೆನಪಾಗಿರಬಹುದೆಂದು ನನಗೆ ಗೊತ್ತಿತ್ತು. ನನ್ನ ಮದುವೆಯಲ್ಲಿ ಆ ಅಂಗಳದಲ್ಲಿ ಅವಳೂ ಇದ್ದಳಲ್ಲ.

"ತಾ," ಎಂದಳು ಕಡೆಗೆ. "ಹುಡುಗಿಗೆ ಹೇಳ್ತೀನಿ."

ದಾರ ಸುತ್ತಲು ನನಗೆ ಹಕ್ಕಿಲ್ಲ, ಅದು ಎಲ್ಲರಿಗೂ ಗೊತ್ತಿರುವ ಮಾತು. ವಿಧವೆ ಸುರಗಿಯ ಹತ್ತಿರ ಹೋಗುವುದಿಲ್ಲ. ಯಾರೂ ಹೋಗಬೇಡ ಎನ್ನುವುದಿಲ್ಲ, ಕರೆಯುವುದಿಲ್ಲ ಅಷ್ಟೆ. ನಾನೂ ಎಷ್ಟೋ ಮದುವೆಗಳಲ್ಲಿ ಆ ಹೊತ್ತಿಗೆ ಸರಿಯಾಗಿ ಅಡುಗೆಮನೆಗೋ ಹಿತ್ತಲಿಗೋ ಹೋಗುವುದನ್ನು ಕಲಿತಿದ್ದೆ. ಆದರೆ ಇದು ಬೇರೆಯವರ ಮದುವೆಯಲ್ಲ. ಈ ಹುಡುಗಿಯ ಜ್ವರಕ್ಕೆ ರಾತ್ರಿ ಹಣೆಗೆ ಪಟ್ಟಿ ಹಾಕಿದವಳು, ಪರೀಕ್ಷೆಯ ಬೆಳಿಗ್ಗೆ ಅವಳ ಜಡೆ ಹಾಕಿದವಳು ನಾನು. ನನ್ನ ಕೈ ಅಲ್ಲಿಗೆ ಹೋಗದಿದ್ದರೂ ನನ್ನ ದಾರವಾದರೂ ಅವಳ ಸುತ್ತ ಇರಲಿ, ಅವಳ ಕೈಗೆ ಕಂಕಣವಾಗಲಿ ಎಂದು ಆಸೆಪಟ್ಟೆ. ಅವಳ ಮದುವೆಯಲ್ಲಿ ನನಗೊಂದು ಜಾಗ ಬೇಕಿತ್ತು, ಬೇರೇನಲ್ಲ.

ಇನ್ನೊಂದು ಮಾತು, ಆ ದಾರ ಹರಿಯಬಾರದು. ಯಾರ ಬಳೆಗೆ ಸಿಕ್ಕಿದರೂ, ಯಾರು ಎಡವಿ ಬಿದ್ದರೂ ಹರಿಯಬಾರದು. ಬಳ್ಳಾರಿಯಲ್ಲಿ ಗಟ್ಟಿ ದಾರ ಎಂದರೆ ಚಿಕ್ಕ ಮಕ್ಕಳೂ ಹೇಳುತ್ತಾರೆ, ಜೀನ್ಸ್ ಹೊಲಿಯುವ ದಾರ. ನಮ್ಮ ಮನೆಯ ಎದುರು ಸಾಲಿನಲ್ಲೇ ಪ್ಯಾಂಟು ಹೊಲಿಯುವ ಸಣ್ಣ ಘಟಕವೊಂದಿದೆ. ಹೊಲಿದ ಪ್ಯಾಂಟುಗಳನ್ನು ರಾಶಿ ಹಾಕಿಕೊಂಡು, ಉಳಿದ ದಾರದ ತುದಿಗಳನ್ನು ಕತ್ತರಿಸುತ್ತಾ ನಾಲ್ಕೈದು ಹೆಂಗಸರು ಕಟ್ಟೆಯ ಮೇಲೆ ಕೂತಿರುತ್ತಾರೆ. ಹುಡುಗಿ ಹೋದ ಮೇಲೆ ನಾನು ಮಧ್ಯಾಹ್ನಗಳಲ್ಲಿ ಅಲ್ಲಿಗೆ ಹೋಗಿ ಕೂರುವುದನ್ನು ಶುರು ಮಾಡಿದ್ದೆ. ಕೈ ಸುಮ್ಮನಿರದೆ ನಾನೂ ಒಂದು ಕತ್ತರಿ ಹಿಡಿಯುತ್ತಿದ್ದೆ. ಅವರು ಅರ್ಧ ತೆಲುಗು, ಅರ್ಧ ಕನ್ನಡ ಮಾತಾಡುತ್ತಾ ನನ್ನನ್ನು ಮೇಡಂ ಎಂದು ಕರೆದು ಚಹಾ ಕೊಡುತ್ತಿದ್ದರು.

ಅವರಲ್ಲೊಬ್ಬಾಕೆಗೆ ಬಿಳಿ ದಾರ ಬೇಕು, ಎಷ್ಟು ಎಳೆದರೂ ಹರಿಯಬಾರದು ಎಂದೆ. ಮದುವೆಗೆ ಎಂದು ಹೇಳಲಿಲ್ಲ. ನನ್ನ ದೊಡ್ಡ ಗುಟ್ಟು ಅದು, ಹೇಳಿಬಿಟ್ಟರೆ ಸಣ್ಣದಾಗುತ್ತದೆ ಎಂದು ಹೆದರಿಕೆ. ಆಕೆ ಒಳಗೆ ಹೋಗಿ ದಾರ ಸುತ್ತಿದ ಒಂದು ಹೊಸ ಕೋನ್ ತಂದುಕೊಟ್ಟಳು. "ಹರೀರಿ ನೋಡೋಣ ಮೇಡಂ," ಎಂದಳು. ಎರಡೂ ಕೈಗೆ ಸುತ್ತಿಕೊಂಡು ಎಳೆದೆ. ಬೆರಳಿಗೆ ಬರೆ ಬಿತ್ತು, ದಾರ ಹರಿಯಲಿಲ್ಲ. ನಾನು ಅವತ್ತು ಸಂಜೆ ಎಷ್ಟು ಖುಷಿಯಾಗಿದ್ದೆನೆಂದರೆ, ಆ ಕೋನನ್ನು ದೇವರ ಮುಂದಿಟ್ಟು ಕೈ ಮುಗಿದೆ.

ಅದು ಹತ್ತಿಯ ದಾರವಲ್ಲ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಐದು ವರ್ಷ ಒಂದು ಹುಡುಗಿಯ ಜೊತೆ ನಾರು, ನೂಲು, ಹುರಿ, ತಂತು ಎಂದು ಆಡಿದವಳು ದಾರದ ಶಬ್ದವನ್ನಷ್ಟೇ ಹಿಡಿದುಕೊಂಡಿದ್ದೆ.

ಮದುವೆಯ ಹಿಂದಿನ ದಿನವೇ ಕುರುಗೋಡಿಗೆ ಹೋದೆ. ಅಂಗಳದಲ್ಲಿ ಹಂದರ ಹಾಕಿದ್ದರು. ಹುಡುಗಿ ಓಡಿಬಂದು ನನ್ನ ಚೀಲ ಕಿತ್ತುಕೊಂಡಳು, ಕೈಯಲ್ಲಿ ಮದರಂಗಿ ಇದ್ದುದರಿಂದ ಮೊಣಕೈಯಲ್ಲೇ ನನ್ನನ್ನು ತಬ್ಬಿದಳು. ಏನೋ ಹೇಳಬೇಕೆಂದು ಎರಡು ಸಲ ಬಾಯಿ ತೆರೆದಳು. ಅಷ್ಟರಲ್ಲಿ ಯಾರೋ ಬಳೆಗಾರ್ತಿ ಬಂದಳೆಂದು ಕರೆದರು, "ನಾಳೆ ಗೊತ್ತಾಗ್ತೈತಿ ನಿನಗ," ಎಂದು ನಗುತ್ತಾ ಹೋದಳು. ಮದುವೆ ಹುಡುಗಿಯ ಸಂಭ್ರಮ ಎಂದುಕೊಂಡೆ.

ಬೆಳಿಗ್ಗೆ ಅಕ್ಕನ ನಾದಿನಿ ಹಿತ್ತಾಳೆ ಬಟ್ಟಲಲ್ಲಿ ಅರಿಷಿಣ ಕಲಸಿಕೊಂಡು ಅಂಗಳಕ್ಕೆ ಬಂದಳು. ತಂಬಿಗೆಗಳು ಮೂಲೆಗೊಂದರಂತೆ ಕೂತಿದ್ದವು. ಹುಡುಗ, ಹುಡುಗಿ ಮಣೆಯ ಮೇಲೆ ಕೂತಿದ್ದರು. ನಾನು ಕೋನಿನಿಂದ ಬೇಕಾದಷ್ಟು ಉದ್ದ ಬಿಚ್ಚಿ, ಸಿಕ್ಕಾಗದಂತೆ ಸುತ್ತಿಟ್ಟಿದ್ದ ದಾರವನ್ನು ನಾದಿನಿಯ ಕೈಗೆ ಕೊಟ್ಟು ಬಾಗಿಲ ಹತ್ತಿರ ಹೋಗಿ ನಿಂತೆ. ಇವತ್ತು ಅಲ್ಲಿಯವರೆಗೆ ನಿಲ್ಲಬಹುದು ಎಂದು ನನಗೆ ನಾನೇ ಅಪ್ಪಣೆ ಕೊಟ್ಟುಕೊಂಡಿದ್ದೆ.

ಆಕೆ ದಾರವನ್ನು ಅರಿಷಿಣದಲ್ಲಿ ಅದ್ದಿ ಎತ್ತಿದಳು. ಅರಿಷಿಣ ಹನಿಹನಿಯಾಗಿ ಜಾರಿ ಬಟ್ಟಲಿಗೇ ವಾಪಸು ಬಿತ್ತು. ದಾರ ಬೆಳ್ಳಗೇ ಇತ್ತು. ಮತ್ತೆ ಅದ್ದಿದಳು, ಅಂಗೈಯಲ್ಲಿ ಇಟ್ಟು ತಿಕ್ಕಿದಳು. ಅಂಗೈ ಹಳದಿಯಾಯಿತು, ದಾರ ಆಗಲಿಲ್ಲ. ಇನ್ನೊಬ್ಬಾಕೆ ಬಂದು ಎಳೆದು ನೋಡಿ, "ಅಯ್ಯ, ಇದು ಪ್ಯಾಂಟಿನ ದಾರ ಅಲ್ಲೇನ್ರಿ," ಎಂದಳು.

ನಾದಿನಿ ಜೋರು ಬಾಯಿಯ ಹೆಂಗಸು, ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. "ಬಳ್ಳಾರಿ ಮೇಡಂ ನಮ್ಮ ಹುಡುಗಿಗೆ ಕಂಕಣ ಕಟ್ಟಾಕಲ್ಲ, ಜೀನ್ಸ್ ಹೊಲಿಯಾಕ ಬಂದಾರ್ರಿ!" ಎಂದಳು. ಅಂಗಳಕ್ಕೆ ಅಂಗಳವೇ ನಕ್ಕಿತು. ಹುಡುಗನ ಕಡೆಯವರು ನಕ್ಕರು, ಭಾವ ನಕ್ಕರು. ಮಣೆಯ ಮೇಲೆ ಕೂತಿದ್ದ ಹುಡುಗಿಯೂ ನಕ್ಕಳು.

ಯಾರು ನಕ್ಕಿದ್ದರೂ ತಡೆದುಕೊಳ್ಳುತ್ತಿದ್ದೆ. ಅವಳು ನಕ್ಕದ್ದು ಎದೆಗೆ ತಾಗಿತು. ಈಗ ಯೋಚಿಸಿದರೆ ಅದರಲ್ಲಿ ಏನಿತ್ತು? ನಮ್ಮ ಮನೆಯಲ್ಲಿ ಇಬ್ಬರೇ ಇದ್ದಾಗ ಹೀಗಾಗಿದ್ದರೆ ನಾನೇ ಮೊದಲು ನಗುತ್ತಿದ್ದೆ. ಆದರೆ ಅವತ್ತು ನನಗೆ ಅವಳು ಕೂಡ ಆ ಕಡೆಯವಳಾದಳು ಎನಿಸಿತು. ಭಾವ ಗಾಡಿ ಹತ್ತಿ ಬಜಾರಿಗೆ ಹೋಗಿ ಹತ್ತಿಯ ದಾರದ ಉಂಡೆ ತಂದರು. ಹತ್ತು ನಿಮಿಷ ಕೂಡ ಆಗಲಿಲ್ಲ. ನಾನು ತಿಂಗಳಿಂದ ದೇವರ ಮುಂದಿಟ್ಟಿದ್ದ ದಾರ ಹಂದರದ ಕಂಬದ ಬುಡದಲ್ಲಿ ಬಿದ್ದಿತ್ತು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಎಲ್ಲರೂ ಆಗಲೇ ಮರೆತು ಮುಂದಿನ ಕೆಲಸ ನೋಡುತ್ತಿದ್ದರು.

ನಾನು ಒಳಗೆ ಹೋದೆ. ಅಡುಗೆಮನೆಯಲ್ಲಿ ಚವಳಿಕಾಯಿಯ ದೊಡ್ಡ ರಾಶಿ ಇತ್ತು. ಅದರ ಮುಂದೆ ಕೂತು ತೊಟ್ಟು ಮುರಿದು ನಾರು ತೆಗೆಯತೊಡಗಿದೆ. ಹೊರಗೆ ಹಾಡು ಶುರುವಾಯಿತು. ಒಂದನೇ ಸುತ್ತು, ಎರಡನೇ ಸುತ್ತು ಎಂದು ಯಾರೋ ಗಟ್ಟಿಯಾಗಿ ಹೇಳುತ್ತಿದ್ದರು.

ಮೂರನೆಯದಾದ ಮೇಲೆ ಹುಡುಗಿಯ ದನಿ ಕೇಳಿಸಿತು. "ಚಿಗವ್ವ ಎಲ್ಲಿ? ಕರೀರಿ ಆಕೀನ."

ನನಗೆ ಸರಿಯಾಗಿ ಕೇಳಿಸಿತು. ನಾನು ಚವಳಿಕಾಯಿಯನ್ನೇ ನೋಡುತ್ತಾ ಕೂತೆ. ನಕ್ಕು ಈಗ ಕರೆಯುತ್ತಾಳೆ, ಸಮಾಧಾನ ಮಾಡಲು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಮತ್ತೆ, ಈ ಸಲ ಸ್ವಲ್ಪ ಜೋರಾಗಿ: "ಚಿಗವ್ವಾ!"

ಅಡುಗೆಯಾಕೆ ನನ್ನ ಮುಖ ನೋಡಿದಳು. "ನಿಮ್ಮನ್ನ ಕರಿಯಾಕತ್ತಾರ್ರಿ ಅವ್ವಾರ," ಎಂದಳು. ನಾನು ಇನ್ನೊಂದು ಹಿಡಿ ಚವಳಿಕಾಯಿ ಮುಂದಕ್ಕೆ ಎಳೆದುಕೊಂಡೆ.

ಆಗ ಅಕ್ಕ ಬಂದು ಬಾಗಿಲಲ್ಲಿ ನಿಂತಳು. ಕೈ ತುಂಬ ಹಸಿರು ಬಳೆ, ಬೆರಳೆಲ್ಲ ಅರಿಷಿಣ, ಮುಖ ಬೆವರಿತ್ತು.

"ಕರಿಯಾಕತ್ಯಾಳ, ಬಾ."

"ನಾ ಯಾಕ ಬರ್ಲಿ? ಅಲ್ಲಿ ನಂದೇನೈತಿ?"

"ಬಾ ಅಂತೀನಿ. ಯಾರೂ ಏನೂ ಅನ್ನಂಗಿಲ್ಲ."

"ನಗಾಕ ಇನ್ನೇನಾರ ಉಳದೈತೇನು? ಐದು ಮಂದಿ ಮುತ್ತೈದ್ಯಾರು ಅದಾರಲ್ಲ, ನನ್ನ ಬಿಟ್ಟುಬಿಡ್ರಿ."

ಇಷ್ಟು ಹೇಳಿ ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. "ನಿನ್ನ ಮಗಳಿಗೆ ದಾರ ಸುತ್ತಾಕ ನಾ ಬ್ಯಾಡಾಗಿದ್ದೆ, ದಾರಾನೂ ಬ್ಯಾಡಾತು. ಈಗ ನಾನೇ ಯಾಕ ಬೇಕು?" ಎಂದೆ.

ಅಕ್ಕ ನನ್ನನ್ನು ನೋಡಿದಳು. ಬಾಯಿ ತೆರೆದಳು, ಹಿಂದೆ ಮೋಕದ ಬೀಗರ ಹೆಂಗಸರು ನೀರು ಕೇಳುತ್ತಾ ಬಂದರು, ಬಾಯಿ ಮುಚ್ಚಿಕೊಂಡಳು. ಸಿಟ್ಟು ಬಂದರೆ ಅವಳು ಏನು ಮಾಡುತ್ತಾಳೆಂದು ನನಗೆ ಚಿಕ್ಕಂದಿನಿಂದ ಗೊತ್ತು. ಸುಮ್ಮನೆ ತಿರುಗಿ ಹೋದಳು. ಗೆದ್ದೆ ಎಂದು ಒಂದು ಗಳಿಗೆ ಅನಿಸಿತು. ರಾಶಿಯಲ್ಲಿದ್ದ ಚವಳಿಕಾಯಿ ಮುಗಿಯುವವರೆಗೆ ಏಳಲಿಲ್ಲ.

ಮದುವೆ ಚೆನ್ನಾಗಿಯೇ ಆಯಿತು. ಅಕ್ಕಿಕಾಳು ಹಾಕುವಾಗ ದೂರದಿಂದ ಹಾಕಿದೆ. ಊಟದ ಹೊತ್ತಿಗೆ ಬಡಿಸುವವರ ಜೊತೆ ಓಡಾಡಿದೆ. ಹುಡುಗಿಯ ಕಣ್ಣು ಎರಡು ಮೂರು ಸಲ ನನ್ನನ್ನು ಹುಡುಕುವುದು ಕಂಡಿತು, ಕಂಡಾಗಲೆಲ್ಲ ಬೇರೆ ಕಡೆ ತಿರುಗಿದೆ. ನನ್ನ ಸಿಟ್ಟನ್ನು ಅವಳು ಗಮನಿಸಲಿ, ಬಂದು ಕೇಳಲಿ ಎಂದು ಕಾಯುತ್ತಿದ್ದೆ. ಮದುಮಗಳು ಮಂಟಪ ಬಿಟ್ಟು ಎದ್ದು ಬಂದು ತನ್ನ ಚಿಗವ್ವನನ್ನು ರಮಿಸಬೇಕೆಂದು ಕಾಯುವ ವಯಸ್ಸೇ ನನ್ನದು? ಆದರೂ ಕಾದೆ.

ಸಂಜೆ ನಾಲ್ಕರ ಹೊತ್ತಿಗೆ ಹೆಣ್ಣೊಪ್ಪಿಸುವುದು ಮುಗಿದು ಗಾಡಿ ಬಂತು. ಮಡಿಲು ತುಂಬಿಸಿಕೊಂಡು ಎಲ್ಲರ ಕಾಲಿಗೆ ಬೀಳುತ್ತಾ ಬಂದವಳು ನನ್ನ ಕಾಲಿಗೂ ಬಿದ್ದಳು. ಎತ್ತಲು ಬಗ್ಗಿದಾಗ ಅವಳ ಕೈಯ ಕಂಕಣ ಕಂಡಿತು, ಹಳದಿ ದಾರ, ಅರಿಷಿಣದ ಕೊಂಬು. ಅತ್ತು ಅವಳ ಕಣ್ಣು ಊದಿದ್ದವು.

"ನಾ ಎರಡು ಸಲ ಕರದೆ ಚಿಗವ್ವ," ಎಂದಳು, ನನಗೆ ಮಾತ್ರ ಕೇಳಿಸುವಷ್ಟು ಸಣ್ಣಗೆ. "ಐದನೇ ಸುತ್ತು ನಿನ್ನದಿತ್ತು. ಎಂಟು ದಿನ ಜಗಳಾಡಿ ಎಲ್ಲಾರನ್ನೂ ಒಪ್ಪಿಸಿದ್ದೆ. ಮೋಕದ ಅತ್ತೀನೂ ಹೂಂ ಅಂದಿದ್ರು. ಅವ್ವ ಮೊದಲು ಅಂಜಿದ್ಲು, ಆಮ್ಯಾಲ ಆಕೀನ ಎಲ್ಲಾರ ಕಡೀಗೂ ಹೋಗಿ ಕೇಳಿದ್ಲು."

"ನಂಗ್ಯಾರೂ ಹೇಳ್ಲಿಲ್ಲ," ಎಂದೆ.

"ಮೊದ್ಲ ಹೇಳಿದ್ರ ನೀ ಒಲ್ಲೆ ಅಂತಿದ್ದಿ. ಅದಕ್ಕ ಅಲ್ಲೇ ಕರೀಬೇಕಂತ ಮಾಡಿದ್ವಿ."

ಹೌದು, ಒಲ್ಲೆ ಅಂತಲೇ ಅನ್ನುತ್ತಿದ್ದೆ. ಅವಳು ನನ್ನನ್ನು ಐದು ವರ್ಷ ಓದಿದವಳು.

"ಮತ್ತ ಐದನೇದ್ದು?" ಎಂದು ಕೇಳಿದೆ. ಕೇಳಬಾರದಿತ್ತು.

"ಅವ್ವ ಸುತ್ತಿದ್ಲು. ತನ್ನದೊಂದು ಸುತ್ತಿ ಆಗಿತ್ತು, ನಿನ್ನದೂ ಆಕೀನ ಸುತ್ತಿದ್ಲು. ಬ್ಯಾರೆ ಯಾರಿಗೂ ಕೊಡ್ಲಿಲ್ಲ."

ಯಾರೋ ಅವಳ ಭುಜ ಹಿಡಿದು ಗಾಡಿಯ ಕಡೆ ಕರೆದುಕೊಂಡು ಹೋದರು. ಬಾಗಿಲು ಹಾಕಿದರು. ಗಾಡಿ ಹಂದರದ ಕೆಳಗಿನಿಂದ ನಿಧಾನವಾಗಿ ರಸ್ತೆಗೆ ಇಳಿಯಿತು. ನೆರೆದವರು ಒಬ್ಬೊಬ್ಬರಾಗಿ ಒಳಗೆ ಹೋದರು. ಅಂಗಳದಲ್ಲಿ ಅಕ್ಕ ಮತ್ತು ನಾನು ಇಬ್ಬರೇ ಉಳಿದೆವು, ನಡುವೆ ಒಂದು ಮೊಳ ಜಾಗವೂ ಇರಲಿಲ್ಲ. ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ರಸ್ತೆಯನ್ನೇ ನೋಡುತ್ತಿದ್ದಳು. ಅವಳ ಕೈ ನನ್ನ ಕೈಯ ಪಕ್ಕದಲ್ಲೇ ಇತ್ತು, ಬೆರಳುಗಳಲ್ಲಿ ಇನ್ನೂ ಅರಿಷಿಣವಿತ್ತು. ಹಿಡಿದುಕೊಂಡಿದ್ದರೆ ಸಾಕಿತ್ತು. ತಪ್ಪಾಯಿತು ಎಂಬ ಒಂದು ಮಾತು, ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಹೇಳಿಕೊಟ್ಟವಳ ಬಾಯಿಗೆ ಬರಲಿಲ್ಲ. ಬಳ್ಳಾರಿ ಬಸ್ಸಿಗೆ ಹೊತ್ತಾಗುತ್ತದೆ ಎಂದು ಹೇಳಿ, ನನ್ನ ಚೀಲ ತರಲು ಒಳಗೆ ಹೋದೆ.